ನಿಲ್ಲಿಸುವ ಕೈ



ನಿಮ್ಮ ಮನೆಯ ಮಗನೋ ಮಗಳೋ ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಕಂಪ್ಯೂಟರ್ ಕಂಪನಿಯ ಕೆಲಸದಲ್ಲಿದ್ದರೆ, ಕ್ರಿಸ್ಮಸ್ ರಜೆಗೆ ಊರಿಗೆ ಬಂದಾಗ ಒಂದು ಪ್ರಶ್ನೆ ಕೇಳಿ ನೋಡಿ. "ನೀವೆಲ್ಲ ಸಂಜೆ ಮನೆಗೆ ಹೊರಟ ಮೇಲೆ ನಿಮ್ಮ ಯಂತ್ರಗಳನ್ನು ನಿಲ್ಲಿಸುವವರು ಯಾರು?" "ಅದಕ್ಕೆ ವೇಳಾಪಟ್ಟಿ ಬರೆದಿಟ್ಟಿದ್ದೇವೆ ಅಪ್ಪಾ, ರಾತ್ರಿ ಎಂಟಕ್ಕೆ ತಾನೇ ನಿಲ್ಲುತ್ತದೆ, ಬೆಳಿಗ್ಗೆ ತಾನೇ ಏಳುತ್ತದೆ" ಎಂಬ ಉತ್ತರ ಬಂದೀತು. ಇದೇ ಪ್ರಶ್ನೆಯನ್ನು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನಂಥ ಊರಿನಲ್ಲಿ ಕೊಳವೆಬಾವಿಯನ್ನು ನಂಬಿ ಅರಿಸಿನವನ್ನೋ ಬಾಳೆಯನ್ನೋ ಬೆಳೆಯುವವರನ್ನು ಕೇಳಿದರೆ, "ಆಟೋ ಹಾಕಿವ್ನಿ ಸ್ವಾಮಿ, ಕರೆಂಟು ಬಂದ್ರ ಓಡ್ತದ, ಹೋದ್ರ ನಿಂತ್ಕತದ" ಎಂದಾರು.

ಎರಡು ಉತ್ತರಗಳೂ ಕೇಳುವುದಕ್ಕೆ ಒಂದೇ ಬಗೆಯವು. ಎರಡರಲ್ಲಿಯೂ ಮನುಷ್ಯನ ಕೈ ಹಿಂದಕ್ಕೆ ಸರಿದಿದೆ. ಆರಂಭಿಸುವ ಮತ್ತು ನಿಲ್ಲಿಸುವ ಕೆಲಸವನ್ನು ಒಂದು ಪುಟ್ಟ ಏರ್ಪಾಟಿಗೆ ಒಪ್ಪಿಸಲಾಗಿದೆ. ಹಾಗೆ ಒಪ್ಪಿಸಿದಾಗ ಅದರ ಹೊಣೆ ಎಲ್ಲಿಗೆ ಹೋಗುತ್ತದೆ? ಯಂತ್ರದೊಳಕ್ಕೆ ಹೋಗಿ ಅಡಗುತ್ತದೆಯೇ, ನಮ್ಮಲ್ಲಿಯೇ ಉಳಿಯುತ್ತದೆಯೇ? ಈ ಪ್ರಶ್ನೆ ಪೇಟೆಯ ಮಕ್ಕಳಿಗೆ ಎಷ್ಟು ಸಲ್ಲುವುದೋ ಹೊಲದ ಹಿರಿಯರಿಗೂ ಅಷ್ಟೇ ಸಲ್ಲುವುದರಿಂದ, ಇದನ್ನು ಇಲ್ಲಿ ನಿಧಾನವಾಗಿ ನೋಡೋಣ.

ಮೊದಲು ಪೇಟೆಯ ಯಂತ್ರವನ್ನು ತಿಳಿದುಕೊಳ್ಳುವುದು ಅಗತ್ಯ. 'ಕ್ಲೌಡ್' ಎಂಬ ಹೆಸರು ಕೇಳಿ ಅದು ಆಕಾಶದಲ್ಲಿ ಎಲ್ಲಿಯೋ ಇರುವ ವಸ್ತುವೆಂದು ಭಾವಿಸಬೇಕಾಗಿಲ್ಲ. ಮುಂಬೈಯಲ್ಲಿ, ಹೈದರಾಬಾದಿನಲ್ಲಿ, ಜಗತ್ತಿನ ಇನ್ನೂ ಅನೇಕ ನಗರಗಳಲ್ಲಿ ದೊಡ್ಡ ದೊಡ್ಡ ಕಟ್ಟಡಗಳೊಳಗೆ ಸಾಲಾಗಿ ಜೋಡಿಸಿದ ಕಂಪ್ಯೂಟರುಗಳಿವೆ. ಅವುಗಳಿಗೆ ಹಗಲಿರುಳು ವಿದ್ಯುತ್ತು ಬೇಕು, ತಂಪು ಬೇಕು, ಬಹಳ ಕಡೆ ಆ ತಂಪಿಗಾಗಿ ನೀರೂ ಬೇಕು. ಒಂದು ಕಂಪನಿ ತನ್ನದೇ ಕಂಪ್ಯೂಟರು ಕೊಳ್ಳುವ ಬದಲು ಅಲ್ಲಿನ ಯಂತ್ರದ ಒಂದು ಪಾಲನ್ನು ಬಾಡಿಗೆಗೆ ಹಿಡಿಯುತ್ತದೆ. ಆ ಪಾಲಿಗೆ 'ಇನ್‌ಸ್ಟೆನ್ಸ್' ಎಂದು ಕರೆಯುವುದು ರೂಢಿ. ಅಮೆಜಾನ್ ಕಂಪನಿಯು 2006ರ ಆಗಸ್ಟ್‌ನಲ್ಲಿ ಈ ಬಗೆಯ ಬಾಡಿಗೆಯನ್ನು ಆರಂಭಿಸಿದಾಗ ಗಂಟೆಗೆ ಇಷ್ಟು ಎಂಬ ಲೆಕ್ಕವಿತ್ತು. ಐದು ನಿಮಿಷ ಬಳಸಿದರೂ ಒಂದು ಗಂಟೆಯ ಹಣ. 2017ರ ಅಕ್ಟೋಬರ್‌ನಿಂದ ಬಹುಪಾಲು ಯಂತ್ರಗಳಿಗೆ ಸೆಕೆಂಡಿನ ಲೆಕ್ಕ ಬಂದಿತು. ಕನಿಷ್ಠ ಒಂದು ನಿಮಿಷ, ಅದರ ಮೇಲೆ ಪ್ರತಿ ಸೆಕೆಂಡಿಗೂ ಬೆಲೆ.

ಹೀಗೆ ಸೆಕೆಂಡುಗಳಿಗೆ ಬೆಲೆ ಬಂದಾಗ, ಯಾರೂ ಬಳಸದೆ ಓಡುತ್ತಿರುವ ಯಂತ್ರ ಕಣ್ಣಿಗೆ ಕುಕ್ಕತೊಡಗುತ್ತದೆ. ವಾರಕ್ಕೆ 168 ಗಂಟೆಗಳು. ಕಚೇರಿಯವರು ದಿನಕ್ಕೆ ಹತ್ತು ಗಂಟೆಯಂತೆ ಐದು ದಿನ ಕೆಲಸ ಮಾಡಿದರೆ 50 ಗಂಟೆಗಳಾದವು. ಮಿಕ್ಕ 118 ಗಂಟೆ, ಅಂದರೆ ನೂರಕ್ಕೆ ಎಪ್ಪತ್ತು ಪಾಲು, ಆ ಯಂತ್ರ ಖಾಲಿ ಮನೆಯಲ್ಲಿ ಉರಿಯುವ ದೀಪದ ಹಾಗೆ. ಆದ್ದರಿಂದ ಎಂಜಿನಿಯರುಗಳು ಒಂದು ವೇಳಾಪಟ್ಟಿ ಬರೆಯುತ್ತಾರೆ. ಪ್ರತಿ ಯಂತ್ರಕ್ಕೂ ಒಂದು ಚೀಟಿ ಅಂಟಿಸುತ್ತಾರೆ: 'ಇದು ಕಚೇರಿ ವೇಳೆಯದು', 'ಇದು ಸದಾ ಎಚ್ಚರವಿರತಕ್ಕದ್ದು' ಎಂದು. ಗಡಿಯಾರ ನೋಡುವ ಒಂದು ಸಣ್ಣ ಪ್ರೋಗ್ರಾಂ ಆ ಚೀಟಿಗಳನ್ನು ಓದಿಕೊಂಡು ಹೋಗಿ ರಾತ್ರಿ ಮಲಗಿಸುತ್ತದೆ, ಬೆಳಿಗ್ಗೆ ಎಬ್ಬಿಸುತ್ತದೆ. ಇಷ್ಟೇ ಸಂಗತಿ. ಒಳ್ಳೆಯ ಮನೆಯೊಡತಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ದೀಪ ಆರಿಸುವುದಕ್ಕಿಂತ ಇದು ಬೇರೆಯಲ್ಲ. ಅಪವ್ಯಯ ತಪ್ಪಿತು, ಸಂತೋಷಪಡಬೇಕಾದದ್ದೇ.

ಇದರಲ್ಲಿ ಒಂದು ವಿಶೇಷವನ್ನು ಹೊರಗಿನವರು ಸಾಮಾನ್ಯವಾಗಿ ಅರಿಯರು. ಇನ್‌ಸ್ಟೆನ್ಸ್ ನಿಂತಿತು ಎಂದ ಮಾತ್ರಕ್ಕೆ ಮುಂಬೈಯ ಆ ಕಬ್ಬಿಣದ ಪೆಟ್ಟಿಗೆಯ ವಿದ್ಯುತ್ತು ಆರಿತು ಎಂದರ್ಥವಲ್ಲ. ನಾವು ಹಿಡಿದಿದ್ದ ಪಾಲನ್ನು ಬಿಟ್ಟುಕೊಟ್ಟೆವು. ಅದು ಮತ್ತೊಬ್ಬರ ಪಾಲಿಗೆ ಒದಗುತ್ತದೆ. ಮರುದಿನ ನಮ್ಮ ಯಂತ್ರ ಎದ್ದಾಗ ಅದು ಬೇರೆ ಪೆಟ್ಟಿಗೆಯಲ್ಲಿ ಏಳಬಹುದು. ಸ್ಥಳವಿಲ್ಲ, ಸ್ವಲ್ಪ ತಾಳಿ ಎಂಬ ಉತ್ತರವೂ ಅಪರೂಪಕ್ಕೆ ಬರುವುದುಂಟು. ನಮ್ಮ ಕಡತಗಳನ್ನು ಇಟ್ಟ ಜಾಗದ ಬಾಡಿಗೆ ಮಾತ್ರ ಮಲಗಿದ್ದಾಗಲೂ ನಡೆಯುತ್ತಿರುತ್ತದೆ. ಒಟ್ಟಿನಲ್ಲಿ ಅಲ್ಲಿ ನಿಲ್ಲಿಸುವುದೆಂದರೆ ಸರದಿಯನ್ನು ಬಿಟ್ಟುಕೊಡುವುದು. ಕೆರೆಯ ಕೆಳಗಿನ ಗದ್ದೆಯವರಿಗೆ ಈ ಮಾತು ಬೇಗ ಅರ್ಥವಾದೀತು.

ಈಗ ಹೊಲಕ್ಕೆ ಬರೋಣ. ಕೃಷಿ ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ತ್ರೀಫೇಸ್ ವಿದ್ಯುತ್ತು ಎಂಬುದು ಸರ್ಕಾರದ ಮಾತು. ಅದು ಪಾಳಿಯಲ್ಲಿ ಬರುತ್ತದೆ; ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ನಡುರಾತ್ರಿ. ಬಂಡೀಪುರದ ಕಾಡಿಗೆ ತಾಗಿದ ಈ ತಾಲ್ಲೂಕಿನಲ್ಲಿ ನಡುರಾತ್ರಿ ಟಾರ್ಚು ಹಿಡಿದು ಮೋಟರು ಹಾಕಲು ಹೋಗುವುದು ಎಂದರೇನೆಂದು ಹೋದವರಿಗೇ ಗೊತ್ತು. ಆನೆ ಬಂದಿರಬಹುದು, ಹಂದಿ ಬಂದಿರಬಹುದು, ಬದುವಿನಲ್ಲಿ ಹಾವು ಮಲಗಿರಬಹುದು. ಅರವತ್ತು ದಾಟಿದ ತಂದೆ ಎರಡು ಗಂಟೆಗೆ ಎದ್ದು ಹೋಗುವಾಗ ಮನೆಯಲ್ಲಿ ತಾಯಿ ಜಪಸರ ಹಿಡಿದು ಕುಳಿತಿರುತ್ತಿದ್ದ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಇವೆ. ಪುಣೆಯ ಸಂತೋಷ್ ಓಸ್ತವಾಲ್ ಎಂಬ ಎಂಜಿನಿಯರು ಮೊಬೈಲ್ ಫೋನಿನಿಂದ ಮೋಟರನ್ನು ಹಾಕಿ ಆರಿಸುವ 'ನ್ಯಾನೋ ಗಣೇಶ್' ಎಂಬ ಸಾಧನವನ್ನು ರೂಪಿಸಿದ್ದು, ತಮ್ಮ ವಯಸ್ಸಾದ ತಾತ ರಾತ್ರಿ ಹೊತ್ತು ತೋಟಕ್ಕೆ ಹೋಗಿ ಪಂಪು ಹಾಕಬೇಕಾಗಿದ್ದ ಕಷ್ಟವನ್ನು ಕಂಡಿದ್ದರಿಂದ. ಫೋನೂ ಬೇಡದ ಇನ್ನೂ ಅಗ್ಗದ ಉಪಾಯವೆಂದರೆ ಆಟೋ ಸ್ಟಾರ್ಟರ್. ಕರೆಂಟು ಬಂದೊಡನೆ ಅದು ಮೋಟರನ್ನು ತಾನೇ ಹಾಕುತ್ತದೆ. ತಂದೆ ಮಲಗಿದರು, ತಾಯಿಯೂ ಮಲಗಿದರು. ಆ ನಿದ್ರೆಯನ್ನು ಯಾರೂ ಹಗುರವಾಗಿ ಕಾಣಬಾರದು. ಆಟೋ ಸ್ಟಾರ್ಟರನ್ನು ಬೈಯುವ ಅಧಿಕಾರಿಗಳು ಒಂದು ವಾರ ಆ ಪಾಳಿಯನ್ನು ಮಾಡಿ ನೋಡಲಿ ಎಂದು ನನಗೆ ಅನೇಕ ಸಲ ಅನಿಸಿದೆ.

ಆದರೂ ಅಧಿಕಾರಿಗಳ ದೂರಿನಲ್ಲಿ ನಿಜವಿದೆ. ಮೋಟರು ನಿಂತ ಸ್ಥಿತಿಯಿಂದ ಎದ್ದು ತಿರುಗುವ ಆ ಒಂದೆರಡು ಕ್ಷಣಗಳಲ್ಲಿ ಅದು ಓಡುವಾಗ ಎಳೆಯುವುದಕ್ಕಿಂತ ಐದಾರು ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಮೊದಲು ರೈತರು ಒಬ್ಬೊಬ್ಬರಾಗಿ ಹೊಲಕ್ಕೆ ಬಂದು ಒಬ್ಬೊಬ್ಬರಾಗಿ ಗುಂಡಿ ಒತ್ತುತ್ತಿದ್ದಾಗ ಆ ಹೊರೆ ತಾನಾಗಿಯೇ ಹಂಚಿಹೋಗುತ್ತಿತ್ತು. ಈಗ ಒಂದು ಟಿಸಿಯ ಕೆಳಗಿನ ಎಲ್ಲ ಮೋಟರುಗಳೂ ಕರೆಂಟು ಬಂದ ಅದೇ ಕ್ಷಣದಲ್ಲಿ ಒಟ್ಟಿಗೆ ಏಳಲು ಹೊರಡುತ್ತವೆ. ವೋಲ್ಟೇಜು ಕುಸಿಯುತ್ತದೆ, ಮೋಟರುಗಳು ಏಳಲಾರದೆ ನರಳುತ್ತವೆ, ಫ್ಯೂಸು ಹೋಗುತ್ತದೆ, ಕೆಲವೊಮ್ಮೆ ಟಿಸಿಯೇ ಸುಟ್ಟುಹೋಗುತ್ತದೆ. ಆಮೇಲೆ ಹೊಸ ಟಿಸಿ ಬರುವವರೆಗೆ ಯಾರ ಹೊಲಕ್ಕೂ ನೀರಿಲ್ಲ. ತಪ್ಪು ಯಾರದೆಂದು ಹುಡುಕಿದರೆ ಯಾರದೂ ಅಲ್ಲ. ಪ್ರತಿಯೊಬ್ಬರೂ ತಮ್ಮ ತಮ್ಮ ಹೊಲದಲ್ಲಿ ಸರಿಯಾದದ್ದನ್ನೇ ಮಾಡಿದ್ದಾರೆ.

ಆಶ್ಚರ್ಯವೆಂದರೆ ಬೆಂಗಳೂರಿನ ಮಕ್ಕಳಿಗೂ ಇದೇ ತೊಂದರೆ ಚೆನ್ನಾಗಿ ಗೊತ್ತು. ನೂರಾರು ಯಂತ್ರಗಳು ಬೆಳಿಗ್ಗೆ ಸರಿಯಾಗಿ ಒಂಬತ್ತಕ್ಕೆ ಎದ್ದು, ಎಲ್ಲವೂ ಒಂದೇ ಕ್ಷಣದಲ್ಲಿ ಒಂದೇ ಮಾಹಿತಿ ಭಂಡಾರದ ಬಾಗಿಲು ತಟ್ಟಿದರೆ ಆ ಭಂಡಾರ ಕುಸಿಯುತ್ತದೆ. ಅವರು ಇದಕ್ಕೆ ಕಂಡುಕೊಂಡ ಮದ್ದು ಬಹು ಸರಳ: ಪ್ರತಿ ಯಂತ್ರವೂ ಏಳುವ ಮೊದಲು ಕೆಲವು ಸೆಕೆಂಡು ಕಾಯಬೇಕು, ಆ ಕಾಯುವಿಕೆ ಒಂದೊಂದಕ್ಕೂ ಬೇರೆ ಬೇರೆಯಾಗಿರಬೇಕು. ಹೊಲದ ಸ್ಟಾರ್ಟರ್ ಪೆಟ್ಟಿಗೆಗೂ ಇಂಥ ಟೈಮರು ಸಿಗುತ್ತದೆ. ಅಂದರೆ ನೆರೆಯವರ ವಿಷಯದಲ್ಲಿ ತೋರಬೇಕಾದ ಸೌಜನ್ಯವನ್ನೂ ಯಂತ್ರದೊಳಗೆ ಬರೆಯಲು ಸಾಧ್ಯವಿದೆ. ಇದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. ಯಂತ್ರ ಬಂದರೆ ಮನುಷ್ಯತ್ವ ಹೋಯಿತೆಂದು ಗೋಳಾಡುವ ಲೇಖನಗಳನ್ನು ನಾವು ಸಾಕಷ್ಟು ಓದಿದ್ದೇವೆ. ಬರೆದರೆ ಯಂತ್ರ ಕಾಯುತ್ತದೆ. ಬರೆಯಬೇಕೆಂದು ನಮಗೆ ಅನಿಸುವುದು ಯಾವಾಗ ಎಂಬುದೇ ಕಷ್ಟದ ಪ್ರಶ್ನೆ.

ಬೆಂಗಳೂರಿನ ಯಂತ್ರ ಸೆಕೆಂಡು ತಪ್ಪದೆ ನಿಲ್ಲುತ್ತದೆ. ಏಕೆ? ತಿಂಗಳ ಕೊನೆಗೆ ಬಿಲ್ಲು ಬರುತ್ತದೆ. ಹೊಲದ ಮೋಟರಿಗೆ ನಿಲ್ಲಿಸುವ ವೇಳಾಪಟ್ಟಿಯನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಏಕೆ? ಬಿಲ್ಲು ಬರುವುದಿಲ್ಲ. ಕರ್ನಾಟಕದಲ್ಲಿ ಹತ್ತು ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ತು ಉಚಿತವಾಗಿದೆ. ರಾಜ್ಯದಲ್ಲಿ ಅಂಥ ಪಂಪ್‌ಸೆಟ್ಟುಗಳು 30 ಲಕ್ಷಕ್ಕೂ ಹೆಚ್ಚು. ಮಳೆಯನ್ನೇ ನಂಬಿದ ಬಡ ರೈತನಿಗೆ ಅದು ದೊಡ್ಡ ಆಸರೆ; ಅದನ್ನು ಕಿತ್ತುಕೊಳ್ಳಬೇಕೆಂದು ನಾನು ವಾದಿಸುತ್ತಿಲ್ಲ. ಆದರೆ ನೀರಿಗೆ ಬೆಲೆ ಇಲ್ಲವೆಂದಲ್ಲ, ಅದರ ಬಿಲ್ಲು ಬೇರೆಯವರ ಮನೆಗೆ ಹೋಗುತ್ತದೆ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ಗುಂಡ್ಲುಪೇಟೆ ತಾಲ್ಲೂಕು 'ಅತಿಬಳಕೆ'ಯ ತಾಲ್ಲೂಕುಗಳ ಸಾಲಿನಲ್ಲಿ ಸೇರಿದೆ. ಮಳೆ ಭೂಮಿಗೆ ಮರಳಿಸುವುದಕ್ಕಿಂತ ನಾವು ತೆಗೆಯುವುದು ಹೆಚ್ಚು ಎಂದು ಇದರ ಅರ್ಥ. ಆ ಬಿಲ್ಲು ಪಕ್ಕದ ಹೊಲದವನಿಗೆ ಹೋಗುತ್ತದೆ: ಅವನು ಇನ್ನೂ ಆಳಕ್ಕೆ ಕೊರೆಸಬೇಕು, ಅದಕ್ಕೆ ಸಾಲ ಮಾಡಬೇಕು. ಇನ್ನು ಉಳಿದದ್ದು ನಮ್ಮ ಮೊಮ್ಮಕ್ಕಳಿಗೆ ಹೋಗುತ್ತದೆ. ರಾತ್ರಿ ಎರಡಕ್ಕೆ ಎದ್ದ ಮೋಟರು ಬೆಳಗಿನ ಜಾವದ ಹೊತ್ತಿಗೆ ಬಾಳೆಗೆ ಬೇಕಾದಷ್ಟು ನೀರು ಕೊಟ್ಟು ಮುಗಿಸಿರುತ್ತದೆ. ಆಮೇಲೂ ಓಡುತ್ತಿರುತ್ತದೆ, ಸಾಲುಗಳನ್ನು ತುಂಬಿ ಬದುವಿನ ಆಚೆಗೆ ಹರಿಯುತ್ತದೆ. ಅದನ್ನು ನೋಡುವ ಕಣ್ಣು ಅಲ್ಲಿಲ್ಲ. ಹಿಂದೆ ಕತ್ತಲಲ್ಲಿ ಬಂದು ನಿಲ್ಲುತ್ತಿದ್ದ ತಂದೆ ಮೋಟರನ್ನು ಹಾಕುವುದಷ್ಟೇ ಅಲ್ಲದೆ, ಪಾತಿ ತುಂಬಿದ್ದನ್ನು ಕಂಡು ಸಾಕು ಎಂದು ಆರಿಸುತ್ತಲೂ ಇದ್ದರು. ಆಟೋ ಸ್ಟಾರ್ಟರ್ ಅವರ ಮೊದಲ ಕೆಲಸವನ್ನು ಮಾತ್ರ ವಹಿಸಿಕೊಂಡಿತು.

ಮೋಟರು ತಾನೇ ನಿಲ್ಲುವ ಏರ್ಪಾಟು ಇಲ್ಲವೇ ಎಂದು ನೀವು ಕೇಳಬಹುದು. ಇದೆ. ಕೊಳವೆಬಾವಿಯಲ್ಲಿ ನೀರು ತೀರಿ ಮೋಟರು ಬರಿದೇ ತಿರುಗತೊಡಗಿದರೆ ಅದು ಎಳೆಯುವ ಕರೆಂಟು ಇಳಿಯುತ್ತದೆ. ಅದನ್ನು ಗುರುತಿಸಿ ಕೂಡಲೇ ಆರಿಸುವ ಸಾಧನವನ್ನು ಅನೇಕರು ಹಾಕಿಸಿಕೊಂಡಿದ್ದಾರೆ. ಇಲ್ಲವಾದರೆ ಸುತ್ತಲಿನ ನೀರಿನಿಂದಲೇ ತಂಪು ಪಡೆಯುವ ಆ ಮೋಟರು ಸುಟ್ಟುಹೋಗುತ್ತದೆ, ಅದನ್ನು ಎತ್ತಿಸಿ ಸುತ್ತಿಸುವ ಖರ್ಚು ಸಾವಿರಗಟ್ಟಲೆ. ಸ್ವಲ್ಪ ಯೋಚಿಸಿ ನೋಡಿ. ಆ ಸಾಧನ ನೀರೆಲ್ಲ ಮುಗಿದ ಮೇಲೆ ನಿಲ್ಲಿಸುತ್ತದೆ. ಅದು ಕಾಯುವುದು ಮೋಟರನ್ನು, ನೀರನ್ನಲ್ಲ. ಯಾವುದು ಕೆಟ್ಟರೆ ನಮ್ಮ ಕೈಯಿಂದ ಹಣ ಹೋಗುತ್ತದೆಯೋ ಅದನ್ನು ಕಾಯಲು ನಮಗೆ ಯಂತ್ರ ಹೊಳೆಯಿತು.

ಹಾಗಾದರೆ ತಾನೇ ನಿಲ್ಲುವ ಯಂತ್ರ ಎಂಬುದು ಬರೆದವನ ಲೆಕ್ಕದ ಪುಸ್ತಕ. ಆ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರ ಸಲುವಾಗಿ ಅದು ನಿಲ್ಲುತ್ತದೆ. ಹೆಸರಿಲ್ಲದವರ ಸಲುವಾಗಿ ನಿಲ್ಲುವುದಿಲ್ಲ. ಅದರಲ್ಲಿ ಯಂತ್ರದ ದುಷ್ಟತನವೇನೂ ಇಲ್ಲ. ಚೀಟಿ ಅಂಟಿಸದ ಯಂತ್ರವನ್ನು ಆ ಪ್ರೋಗ್ರಾಂ ನೋಡುವುದೇ ಇಲ್ಲ.

ಹಳೇ ಮೈಸೂರು ಸೀಮೆಯ ಕೆರೆಗಳ ಊರುಗಳಲ್ಲಿ ನೀರುಗಂಟಿ ಎಂಬ ಒಬ್ಬ ಕೆಲಸಗಾರನಿದ್ದುದನ್ನು ಹಿರಿಯರು ಬಲ್ಲರು. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ನೀರು ತಿರುಗಿಸುವುದು ಅವನ ಕೆಲಸ. ಅವನಿಗೆ ಸಂಬಳ ಕೊಡುತ್ತಿದ್ದುದು ಒಬ್ಬ ಯಜಮಾನನಲ್ಲ. ಸುಗ್ಗಿಯಲ್ಲಿ ಅಚ್ಚುಕಟ್ಟಿನ ಎಲ್ಲ ಮನೆಗಳವರೂ ಇಷ್ಟಿಷ್ಟು ಧಾನ್ಯ ಅಳೆಯುತ್ತಿದ್ದರು. ಆದ್ದರಿಂದ ಅವನು ಉತ್ತರ ಹೇಳಬೇಕಾದದ್ದು ಇಡೀ ಅಚ್ಚುಕಟ್ಟಿಗೆ. ನೀರು ಕಡಿಮೆಯಾದ ವರ್ಷ ದೊಡ್ಡ ಹಿಡುವಳಿಯ ಗೌಡರ ಗದ್ದೆಗೂ ತುದಿಯಲ್ಲಿರುವ ಒಂದು ತುಂಡು ಗದ್ದೆಗೂ ಪಾಲು ಇಡುವ ಕಷ್ಟ ಅವನದು. ಈ ಚಿತ್ರವನ್ನು ಚಂದಗಾಣಿಸಬೇಕಾಗಿಲ್ಲ. ಬಹಳ ಊರುಗಳಲ್ಲಿ ನೀರುಗಂಟಿ ದಲಿತ ಮನೆಯವನು; ಊರಿನ ನೀರನ್ನೆಲ್ಲ ಅವನ ಕೈಗೆ ಒಪ್ಪಿಸಿದವರು ಅವನ ಕೈಯ ನೀರನ್ನು ಕುಡಿಯುತ್ತಿರಲಿಲ್ಲ. ಹಾಗಿದ್ದೂ ಅವನ ಲೆಕ್ಕದ ಪುಸ್ತಕದಲ್ಲಿ ಎಲ್ಲರ ಹೆಸರೂ ಇತ್ತು. ಕೊಳವೆಬಾವಿ ಬಂದ ಮೇಲೆ ಪ್ರತಿ ಹೊಲಕ್ಕೂ ಅದರದೇ ನೀರಾಯಿತು, ಅದರದೇ ಸ್ವಿಚ್ಚಾಯಿತು. ಭೂಮಿಯ ಕೆಳಗಿನ ನೀರು ಮಾತ್ರ ಇನ್ನೂ ಒಂದೇ ಕೆರೆಯ ಹಾಗೆ ಎಲ್ಲರದೂ ಆಗಿ ಉಳಿದಿದೆ. ಅದಕ್ಕೆ ತೂಬು ಕಾಯುವವನಿಲ್ಲ.

ವಿಶ್ವಾಸಿಗಳಾದ ನಮಗೆ ನಿಲ್ಲಿಸುವುದು ಎಂದೊಡನೆ ಸಬ್ಬತ್ತು ನೆನಪಾಗದೆ ಇರದು. ವಿಮೋಚನಕಾಂಡದಲ್ಲಿ ಏಳನೆಯ ದಿನದ ವಿಶ್ರಾಂತಿಯನ್ನು ವಿಧಿಸುವಾಗ ಅದು ಮನೆಯ ಯಜಮಾನನಿಗಷ್ಟೇ ಹೇಳಿದ್ದಲ್ಲ. ಆಳು, ಹೆಣ್ಣಾಳು, ಎತ್ತು, ಕತ್ತೆ, ಊರಿಗೆ ಬಂದ ಪರದೇಶಿ, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಯಾಜಕಕಾಂಡ ಇನ್ನೂ ಮುಂದೆ ಹೋಗಿ ಏಳನೆಯ ವರ್ಷ ಭೂಮಿಯೇ ವಿಶ್ರಮಿಸಲಿ ಎನ್ನುತ್ತದೆ. ಎತ್ತು ಬಿಲ್ಲು ಕಳುಹಿಸುವುದಿಲ್ಲ, ಭೂಮಿಯೂ ಕಳುಹಿಸುವುದಿಲ್ಲ. ಯಜಮಾನನ ಉಳಿತಾಯಕ್ಕಾಗಿ ಬರೆದ ವೇಳಾಪಟ್ಟಿ ಅದಾಗಿರಲಿಲ್ಲ.

ಯಂತ್ರಗಳ ಕಾಲ ಬಂದಾಗ ಯೆಹೂದ್ಯರಿಗೆ ಇದೇ ವಿಷಯದಲ್ಲಿ ಒಂದು ಕುತೂಹಲಕರವಾದ ಕಷ್ಟ ಎದುರಾಯಿತು. ಸಬ್ಬತ್ತಿನಂದು ದೀಪ ಹಚ್ಚಬಾರದು, ಆರಿಸಬಾರದು. ಆದರೆ ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಒಂದು ಟೈಮರನ್ನು ತಿರುಗಿಸಿಟ್ಟರೆ? ದೀಪ ತಾನೇ ಹತ್ತುತ್ತದೆ, ತಾನೇ ಆರುತ್ತದೆ, ಯಾರ ಕೈಯೂ ಸೋಕಲಿಲ್ಲ. ಲಿಫ್ಟು ಕೂಡ ಯಾರೂ ಗುಂಡಿ ಒತ್ತದೆಯೇ ಪ್ರತಿ ಅಂತಸ್ತಿನಲ್ಲಿ ನಿಲ್ಲುತ್ತ ಏರಿ ಇಳಿಯುವಂತೆ ಮಾಡಲು ಸಾಧ್ಯ. ಇಸ್ರೇಲಿನಲ್ಲಿಯೂ ನ್ಯೂಯಾರ್ಕಿನಲ್ಲಿಯೂ ಅಂಥ ಲಿಫ್ಟುಗಳಿವೆ. ಇದು ಆಜ್ಞಾಪಾಲನೆಯೋ ಜಾಣತನವೋ ಎಂದು ಅವರ ಪಂಡಿತರಲ್ಲಿ ಗಂಭೀರ ಚರ್ಚೆ ನಡೆಯಿತು. ನ್ಯೂಯಾರ್ಕಿನ ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) ದೀಪಗಳಿಗೆ ಟೈಮರನ್ನು ಒಪ್ಪಿದರೂ ಉಳಿದ ಕೆಲಸಗಳಿಗೆ ಒಪ್ಪಲಿಲ್ಲ. ಹೀಗೆ ಬಿಟ್ಟರೆ ಸಬ್ಬತ್ತಿನಂದು ಎಲ್ಲ ಕೆಲಸವೂ, ಇಡೀ ಕಾರ್ಖಾನೆಗಳೂ ನಡೆಯುವುವು. ದಿನದ ಗೌರವವೇ ಉಳಿಯದು ಎಂಬುದು ಅವರ ಆತಂಕವಾಗಿತ್ತು. ಅವರ ತೀರ್ಪನ್ನು ಒಪ್ಪದವರು ಅವರಲ್ಲೇ ಬಹಳ ಮಂದಿ ಇದ್ದಾರೆ. ನನಗೆ ಮುಖ್ಯವೆನಿಸುವುದು ಅವರು ಹಿಡಿದ ಎಳೆ: ನಿನ್ನೆ ತಿರುಗಿಸಿಟ್ಟ ಟೈಮರು ಇಂದು ಮಾಡುವ ಕೆಲಸ ನಿನ್ನದೇ. ಕೈ ಸೋಕಲಿಲ್ಲವೆಂಬುದು ಉತ್ತರವಾಗಲಾರದು.

ಇಷ್ಟು ದೂರದ ಉದಾಹರಣೆಯೇ ಬೇಕೆಂದೇನಿಲ್ಲ. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೂ ಊಟಿಗೂ ಹೋಗುವ ಎರಡು ಹೆದ್ದಾರಿಗಳು ಬಂಡೀಪುರ ಕಾಡಿನೊಳಗೆ ಹಾಯುತ್ತವೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಅಲ್ಲಿ ವಾಹನ ಸಂಚಾರವನ್ನು ನಿಲ್ಲಿಸುವ ಆದೇಶ ಹೊರಡಿಸಿದರು. 2010ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ದಿನವೂ ಒಂಬತ್ತಕ್ಕೆ ಗೇಟು ಬೀಳುತ್ತದೆ. ಇದೂ ವೇಳಾಪಟ್ಟಿಯೇ. ಆದರೆ ಇದು ಯಾರ ಸಲುವಾಗಿ ಎಂದು ನೋಡಿ. ರಾತ್ರಿ ರಸ್ತೆ ದಾಟುವ ಆನೆ, ಜಿಂಕೆ, ಚಿರತೆಗಳ ಸಲುವಾಗಿ. ಅವು ಟೋಲು ಕಟ್ಟುವುದಿಲ್ಲ, ಮತ ಹಾಕುವುದಿಲ್ಲ. ಇದರ ಖರ್ಚು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಮರೆಯಬಾರದು. ವಯನಾಡಿನ ಕಡೆಯ ರೈತರು, ವ್ಯಾಪಾರಿಗಳು, ಬೆಂಗಳೂರಿನಲ್ಲಿ ಓದುವ ಮಕ್ಕಳು ಅದನ್ನು ಹೊತ್ತಿದ್ದಾರೆ. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕೂತದ್ದು ಸುಳ್ಳು ಸಂಕಟಕ್ಕಲ್ಲ. ನಮ್ಮಲ್ಲಿ ಅನೇಕರಿಗೆ ಆ ಕಡೆ ನೆಂಟರಿದ್ದಾರೆ. ಒಬ್ಬರ ಸಲುವಾಗಿ ನಿಲ್ಲಿಸಿದರೆ ಇನ್ನೊಬ್ಬರ ದಾರಿ ನಿಲ್ಲುತ್ತದೆ, ಇದಕ್ಕೆ ನೋವಿಲ್ಲದ ಪರಿಹಾರವಿದ್ದಂತೆ ನನಗೆ ಕಾಣುವುದಿಲ್ಲ.

ಆ ಗೇಟಿನಲ್ಲಿ ನಾನು ಗಮನಿಸುವುದು ಇನ್ನೊಂದು ಸಂಗತಿ. ಆಂಬುಲೆನ್ಸು ಬಂದರೆ ಅದು ಏಳುತ್ತದೆ. ಅಗ್ನಿಶಾಮಕ ವಾಹನಕ್ಕೆ ಏಳುತ್ತದೆ, ನಿಗದಿಯಾದ ಕೆಲವು ಬಸ್ಸುಗಳಿಗೆ ಏಳುತ್ತದೆ. ಗೇಟಿನ ಬಳಿ ಒಬ್ಬ ಮನುಷ್ಯ ಎಚ್ಚರವಾಗಿದ್ದು, ಬಂದವರು ಯಾರೆಂದು ದೀಪ ಹಿಡಿದು ನೋಡುತ್ತಾನೆ. ಈಗ ಕೆಲವು ದೇವಾಲಯಗಳಲ್ಲಿ ತ್ರಿಕಾಲ ಪ್ರಾರ್ಥನೆಯ ಗಂಟೆಯನ್ನು ಟೈಮರೇ ಬಾರಿಸುತ್ತದೆ. ಆದರೂ ಊರಿನಲ್ಲಿ ಯಾರಾದರೂ ತೀರಿಕೊಂಡಾಗ ಗಂಟೆ ಬಾರಿಸಲು ಒಬ್ಬರು ಎದ್ದು ಹೋಗಲೇಬೇಕು.

ಮತ್ತೆ ಬೆಂಗಳೂರಿನ ಮಕ್ಕಳ ಬಳಿಗೆ ಹೋಗೋಣ. ರಾತ್ರಿ ಎಂಟಕ್ಕೆ ಎಲ್ಲ ಯಂತ್ರಗಳೂ ನಿಲ್ಲಲಿ ಎಂದು ಬರೆದವನು ಹಣ ಉಳಿಸಿದ ಹೆಮ್ಮೆಯಿಂದ ಮನೆಗೆ ಹೋಗಿದ್ದಾನೆ ಎಂದಿಟ್ಟುಕೊಳ್ಳಿ. ಮರುದಿನ ಪರೀಕ್ಷೆ ಇಟ್ಟುಕೊಂಡು ಕಚೇರಿಯಲ್ಲಿಯೇ ಉಳಿದು ಏಳು ಗಂಟೆಯಿಂದ ಒಂದು ದೊಡ್ಡ ಲೆಕ್ಕವನ್ನು ಓಡಿಸುತ್ತಿದ್ದ ಹೊಸ ಹುಡುಗಿಯ ಕೆಲಸ ಅರ್ಧದಲ್ಲಿ ಸತ್ತುಹೋಗುತ್ತದೆ. ಅವಳು ಯಾರನ್ನು ಕೇಳಬೇಕು? ಚೀಟಿಯಲ್ಲಿ ಯಂತ್ರದ ಹೆಸರಿದೆ, ಅದನ್ನು ಅಂಟಿಸಿದವರ ಹೆಸರಿಲ್ಲ. ಇನ್ನೊಂದು ಕಡೆ, ವೇಳಾಪಟ್ಟಿಯಲ್ಲಿ ಭಾರತದ ಸಮಯವೆಂದು ಬರೆಯಲು ಮರೆತಿದ್ದರೆ ಯಂತ್ರವು ಜಾಗತಿಕ ಸಮಯವನ್ನು ಹಿಡಿಯುತ್ತದೆ. ಸಂಜೆ ಎಂಟು ಎಂದು ಬರೆದದ್ದು ನಮಗೆ ನಡುರಾತ್ರಿ ಒಂದೂವರೆ. ಅದೇ ಅಮೆಜಾನಿನಲ್ಲಿ ಮಾಹಿತಿ ಭಂಡಾರದ ಕೆಲವು ಯಂತ್ರಗಳನ್ನು ನಿಲ್ಲಿಸಿದರೆ, ಅವು ಏಳು ದಿನ ಮಾತ್ರ ನಿಂತಿದ್ದು ಆಮೇಲೆ ತಾವೇ ಏಳುತ್ತವೆ, ದುರಸ್ತಿಯ ಕೆಲಸಗಳಿಂದ ಹಿಂದುಳಿಯದಿರಲಿ ಎಂದು. ಏಳನೆಯ ದಿನ ವಿಶ್ರಾಂತಿ ಮುಗಿಯುವ ಈ ತಿರುವುಮುರುವು ಸಬ್ಬತ್ತನ್ನು ನಗಿಸೀತು. ನಿಲ್ಲಿಸಿದ್ದೇವೆಂದು ನಂಬಿ ಮರೆತವರಿಗೆ ತಿಂಗಳ ಬಿಲ್ಲು ನೆನಪಿಸುತ್ತದೆ.

ಈ ಕೆಲಸದಲ್ಲಿ ನುರಿತವರು ಆದ್ದರಿಂದ ವೇಳಾಪಟ್ಟಿಯ ಜೊತೆಗೆ ಇನ್ನು ಕೆಲವು ಮಾತುಗಳನ್ನು ಬರೆಯುತ್ತಾರೆ. ಪ್ರತಿ ಚೀಟಿಯ ಮೇಲೆ ಯಂತ್ರಕ್ಕೆ ಹೊಣೆಯಾದವರ ಹೆಸರು. ನಿಲ್ಲಿಸುವ ಅರ್ಧ ಗಂಟೆ ಮೊದಲು ಬಳಸುತ್ತಿರುವವರಿಗೆ ಒಂದು ಸೂಚನೆ. 'ಇಂದು ಎರಡು ಗಂಟೆ ತಡವಾಗಿ ನಿಲ್ಲಲಿ' ಎಂದು ಅವರು ಹೇಳಲು ಒಂದು ಗುಂಡಿ. ಅದಕ್ಕೆ ಮೇಲಧಿಕಾರಿಯ ಅಪ್ಪಣೆ ಬೇಡ. ಇವು ಯಾವುವೂ ಹಣ ಉಳಿಸುವುದಿಲ್ಲ, ಸ್ವಲ್ಪ ಖರ್ಚನ್ನೇ ಹೆಚ್ಚಿಸುತ್ತವೆ. ಅವು ಇರುವುದು ಆ ಹುಡುಗಿಯ ಸಲುವಾಗಿ. ನಿಮ್ಮ ಮಕ್ಕಳು ರಜೆಗೆ ಬಂದಾಗ ವೇಳಾಪಟ್ಟಿ ಇದೆಯೇ ಎಂದು ಕೇಳಿದ ಮೇಲೆ, ಆ ಗುಂಡಿ ಇದೆಯೇ ಎಂದೂ ಕೇಳಿ. ಅವರು ಸ್ವಲ್ಪ ಹೊತ್ತು ಯೋಚಿಸಿದರೆ ಒಳ್ಳೆಯದೇ.

ಊರಿನಲ್ಲಿಯೂ ಮಾಡಬಹುದಾದದ್ದು ಕಡಿಮೆಯೇನಿಲ್ಲ. ಬಾಳೆಗೆ ಹನಿ ನೀರಾವರಿ ಇದ್ದರೆ ಇಷ್ಟು ನಿಮಿಷ ಸಾಕು ಎಂದು ಟೈಮರನ್ನು ಇಡಬಹುದು. ಕರೆಂಟು ಏಳು ಗಂಟೆ ಇದ್ದರೂ ಮೋಟರು ಎರಡೇ ಗಂಟೆಗೆ ನಿಲ್ಲುತ್ತದೆ. ಬಿಲ್ಲು ಬಾರದಿದ್ದರೂ ನಿಲ್ಲುವ ಮೋಟರು ಅದು. ತೋಟದಲ್ಲಿ ಬಿದ್ದ ಮಳೆಯನ್ನು ಬಾವಿಯ ಸುತ್ತ ಇಂಗಿಸುವವರೂ ಇದ್ದಾರೆ. ಕಬಿನಿಯ ನೀರನ್ನೆತ್ತಿ ತಾಲ್ಲೂಕಿನ ಕೆರೆಗಳನ್ನು ತುಂಬಿಸುವ ಯೋಜನೆಯಿಂದ ಕೆಲವು ಕಡೆ ಬಾವಿಗಳಿಗೆ ಜೀವ ಬಂದಿದೆಯೆಂದು ರೈತರು ಹೇಳುತ್ತಾರೆ. ತುಂಬಿದ ಕೆರೆಯನ್ನು ಕಾಣುವುದೇ ಒಂದು ಸುಖ. ಬಂದ ಆ ನೀರನ್ನು ಮತ್ತೆ ಅದೇ ಆಟೋ ಸ್ಟಾರ್ಟರುಗಳು ಎಳೆಯುತ್ತವೆ ಎಂಬುದನ್ನು ಸೇರಿಸಿ ಹೇಳದಿದ್ದರೆ ಮಾತು ಅರ್ಧವಾದೀತು.

ಇನ್ನು ಟಿಸಿಯ ವಿಷಯ. ಸ್ಟಾರ್ಟರ್ ಪೆಟ್ಟಿಗೆಯೊಳಗಿನ ಆ ಟೈಮರಿಗೆ ಒಂದು ಪುಟ್ಟ ತಿರುಗಣೆ ಇರುತ್ತದೆ. ಅದನ್ನು ತಿರುಗಿಸಿದರೆ ಕರೆಂಟು ಬಂದ ಎಷ್ಟು ಸೆಕೆಂಡಿನ ಮೇಲೆ ಮೋಟರು ಏಳಬೇಕೆಂದು ಗೊತ್ತುಮಾಡಬಹುದು. ಒಂದು ಟಿಸಿಯ ಕೆಳಗೆ ಹತ್ತು ಮೋಟರುಗಳಿದ್ದರೆ ಒಬ್ಬರು ಹತ್ತು ಸೆಕೆಂಡು, ಮತ್ತೊಬ್ಬರು ಇಪ್ಪತ್ತು, ಹೀಗೆ ಕೊನೆಯವರು ಎರಡು ನಿಮಿಷದ ಒಳಗೇ ಎದ್ದುಬಿಡುತ್ತಾರೆ. ಯಾರೂ ನೀರು ಕಳೆದುಕೊಳ್ಳುವುದಿಲ್ಲ, ಟಿಸಿ ಸುಡುವುದಿಲ್ಲ. ಆದರೆ ಎಲ್ಲರೂ ಹತ್ತನ್ನೇ ಇಟ್ಟುಕೊಂಡರೆ ಮತ್ತೆ ಮೊದಲಿನ ಕಥೆಯೇ. ಯಾರದು ಮೊದಲು, ಯಾರದು ಕೊನೆ ಎಂಬುದು ಪೆಟ್ಟಿಗೆಯ ಮೇಲೆ ಅಚ್ಚಾಗಿ ಬರುವುದಿಲ್ಲ. ಅದಕ್ಕೆ ಆ ಹತ್ತು ಮನೆಯವರು, ಬದುವಿನ ಜಗಳದಿಂದ ಮಾತು ಬಿಟ್ಟವರೂ ಸೇರಿ, ಒಂದು ಸಂಜೆ ಒಂದೆಡೆ ಕೂತುಕೊಳ್ಳಬೇಕು.